ಮೋಟಾರಿನ ಎಡಗಣ್ಣು

ಹುಬ್ಬಳ್ಳಿ
೪ ಅಕ್ಟೋಬರ್ ೧೯೩೮

ಶ್ರೀ ಸಿದ್ದಪ್ಪ ಸಾವಕಾರರಿಗೆ ಮಕಬೂಲಸಾಬನ ಸಲಾಮು.

ಬಾಳವ್ವಕ್ಕನ ಪ್ರಕೃತಿ ಹೇಗಿದೆ, ಮುಂಬಯಿ ದವಾಖಾನೆಯ ಊಟ ಬಾಯಿಗೆ ಹಿಡಿಸುತ್ತದೆಯೋ ಇಲ್ಲವೋ, ಮೊದಲು ಅದನ್ನು ಬರೆಯಿರಿ. ನಮ್ಮ ರಾಜಬಿ ದಿನಾ ಕೇಳುತ್ತಾಳೆ. ನಾನು ದಿನಾ "ಇನ್ನೂ ಪತ್ರ ಬಂದಿಲ್ಲ" ಎಂದು ಹೇಳಿ ಬೈಸಿಕೊಳ್ಳುತ್ತೇನೆ.

ಈಗ ಒಂದು ಸಣ್ಣ ಸುದ್ದಿ. ಸಣ್ಣದೆಂದು ಮೊದಲೇ ಹೇಳಿದ್ದೇನೆ, ಓದುತ್ತ ಎದ್ದು ನಿಲ್ಲಬೇಡಿರಿ. ಕೇಶ್ವಾಪುರದಲ್ಲಿ ನಿಮ್ಮ ಮನೆಯ ಮುಂದೆ, ತಗಡಿನ ಚಪ್ಪರದ ಕೆಳಗೆ ನಿಂತಿದ್ದ ಮೋಟಾರಿಗೆ ಮಹಾನವಮಿಯ ದಿನ ಸ್ವಲ್ಪ ಪೆಟ್ಟಾಗಿದೆ. ಎಡಗಡೆಯ ದೀಪದ ಗಾಜು ಒಡೆದಿದೆ. ಗಾಜಿನ ಸುತ್ತಲಿನ ಬಳೆ ನೆಗ್ಗಿದೆ. ಮಡ್‌ಗಾರ್ಡಿನ ಮೇಲೂ ಒಂದೆರಡು ಗುಂಡಿ ಬಿದ್ದಿವೆ. ಇಂಜಿನಿಗೆ ಏನೂ ಆಗಿಲ್ಲ, ಚಾಲೂ ಮಾಡಿ ನೋಡಿದೆ, ಮೊದಲಿನ ಹಾಗೆಯೇ ಕೆಮ್ಮಿ ಕೆಮ್ಮಿ ಎದ್ದಿತು.

ನಾನು ಅವತ್ತು ಅಂಗಡಿಯಲ್ಲಿದ್ದೆ. ಹಬ್ಬದ ದಿನ ಊರ ಮೋಟಾರುಗಳೆಲ್ಲ ಮೈ ತೊಳೆಸಿಕೊಳ್ಳಲು ನನ್ನಲ್ಲಿಗೇ ಬರುವುದು ನಿಮಗೆ ಗೊತ್ತೇ ಇದೆ. ಸಂಜೆ ನಿಮ್ಮ ಮನೆಯ ಬೀಗ ನೋಡಿಕೊಂಡು ಬರೋಣವೆಂದು ಹೋದಾಗ ಇದು ಕಂಡಿತು.

ಅಪ್ಪಣೆಯಾದರೆ ಕೂಡಲೇ ಹೊಸ ಗಾಜು ಹಾಕಿ, ನೆಗ್ಗಿದ್ದನ್ನು ಬಡಿದು ಎತ್ತಿಬಿಡುತ್ತೇನೆ. ನೀವು ಬಂದು ಬೆರಳಿಟ್ಟು ತಡವಿದರೂ ಎಲ್ಲಿ ಪೆಟ್ಟಾಗಿತ್ತೆಂದು ಗೊತ್ತಾಗಬಾರದು, ಹಾಗೆ ಮಾಡುತ್ತೇನೆ. ಗಾಜಿನ ಚಿಂತೆ ನನಗೆ ಬಿಡಿರಿ, ನೀವು ಅಕ್ಕನನ್ನು ನೋಡಿಕೊಳ್ಳಿರಿ.

ಮಕಬೂಲಸಾಬ


ಮುಂಬಯಿ, ಗಿರಗಾಂವ
೭ ಅಕ್ಟೋಬರ್ ೧೯೩೮

ಪ್ರಿಯ ಮಕಬೂಲಸಾಬ,

ಮುಟ್ಟಬೇಡ! ಸುತ್ತಿಗೆ ಕೈಯಲ್ಲಿದ್ದರೆ ಕೆಳಗಿಡು. ಎದ್ದು ನಿಲ್ಲಬೇಡಿರಿ ಎಂದು ಬರೆದಿದ್ದೀ, ಆ ಸಾಲು ಓದುವ ಹೊತ್ತಿಗೆ ನಾನು ಎದ್ದು ಚಪ್ಪಲಿ ಮೆಟ್ಟಿಯಾಗಿತ್ತು.

ವಿಮಾ ಕಂಪನಿಯ ಕಚೇರಿ ಇಲ್ಲಿಯೇ ಇದೆ. ನಿನ್ನ ಪತ್ರ ಬಂದ ದಿನವೇ ಹೋಗಿ ಬಂದೆ. ನಿಂತ ಮೋಟಾರಿಗೆ ಪೆಟ್ಟಾದರೆ ಮೊದಲು ಪೊಲೀಸರಿಗೆ ಫಿರ್ಯಾದಿ ಕೊಡಬೇಕಂತೆ. ಮಾಡಿದವನ ಹೆಸರು ಗೊತ್ತಿದ್ದರೆ ಹೆಸರು ಬರೆಸಬೇಕಂತೆ. ಅವರ ಮನುಷ್ಯ ಹುಬ್ಬಳ್ಳಿಗೆ ಬಂದು ನೋಡುವವರೆಗೆ ಒಂದು ಮೊಳೆಯನ್ನೂ ತಿರುವುವಂತಿಲ್ಲ. ಆದ್ದರಿಂದ ಈ ಪತ್ರ ಸೇರಿದ ಕೂಡಲೆ ಠಾಣೆಗೆ ಹೋಗಿ ಫೌಜದಾರರಿಗೆ ವರದಿ ಕೊಡು. ಪಂಚನಾಮೆ ಆಗಲಿ. ಅದರ ನಕಲು ನನಗೆ ಕಳಿಸು.

ಮತ್ತು ಯಾರು ಮಾಡಿದರು? ನಿನ್ನ ಪತ್ರದಲ್ಲಿ ಗಾಜು ಇದೆ, ಬಳೆ ಇದೆ, ಗುಂಡಿ ಇದೆ. ಮನುಷ್ಯನೇ ಇಲ್ಲ. ನನಗೆ ಅವನ ಹೆಸರು ಬೇಕು.

ಬಾಳವ್ವ ಚೆನ್ನಾಗಿದ್ದಾಳೆ. ದೀಪಾವಳಿ ಮುಗಿದ ಮೇಲೆ ಒಂದು ಸಣ್ಣ ಶಸ್ತ್ರಕ್ರಿಯೆ ಎಂದು ಡಾಕ್ಟರು ಹೇಳಿದ್ದಾರೆ. ಗಾಬರಿಪಡುವಂಥದ್ದೇನಲ್ಲ. ಮೋಟಾರಿನ ಸುದ್ದಿ ಅವಳಿಗೆ ಹೇಳಿಲ್ಲ.

ಇನ್ನೊಂದು ಮಾತು. ನನ್ನ ಹೆಂಡತಿಯ ಕಾಯಿಲೆಯ ಸುದ್ದಿ ನಮ್ಮೂರು ಹೆಬಸೂರಿಗೆ, ಅಣ್ಣನ ಕಿವಿಗೆ, ಹೋಗಬಾರದು. ನಾಲ್ಕು ವರ್ಷದ ಹಿಂದೆ ಅಪ್ಪನನ್ನು ಮಣ್ಣು ಮಾಡಿದ ದಿನ ಮೋಟಾರು ಎರೆ ಮಣ್ಣಿನ ಕೆಸರಿನಲ್ಲಿ ಹೂತು ನಾನು ತಡವಾಗಿ ಮುಟ್ಟಿದಾಗ, ನೀಲಕಂಠಣ್ಣ ಊರ ಮಂದಿಯ ಮುಂದೆ ಅಂದದ್ದು ನಿನಗೂ ನೆನಪಿರಬೇಕು. ಆ ಮೋಟಾರನ್ನು ನೂಕಿ ನೂಕಿ ನೀನೂ ಕೆಸರಾಗಿ ನನ್ನ ಪಕ್ಕದಲ್ಲೇ ನಿಂತಿದ್ದೆ. "ತಗಡಿನ ಡಬ್ಬಿ ನಂಬಿ ಹಡದಪ್ಪನ ಮಾರಿ ಕಳಕೊಂಡಿ" ಎಂದ ಮನುಷ್ಯ ಅವನು. ಆಮೇಲೆ ಅವನು ನನ್ನ ಹೊಸ್ತಿಲು ತುಳಿದಿಲ್ಲ, ನಾನು ಅವನದು ತುಳಿದಿಲ್ಲ. ಒಡಹುಟ್ಟಿದವನಾದರೇನು, ಈಗ ಅವನ ಕನಿಕರ ನನಗೆ ಬೇಡ.

ಹೆಸರು ಬರೆ. ಲಗೂ ಬರೆ.

ಸಿದ್ದಪ್ಪ


ಹುಬ್ಬಳ್ಳಿ
೧೦ ಅಕ್ಟೋಬರ್ ೧೯೩೮

ಸಾವಕಾರರಿಗೆ ಸಲಾಮು.

ಹೇಳಿದಂತೆ ಠಾಣೆಗೆ ಹೋಗಿ ವರದಿ ಕೊಟ್ಟೆ. ಫೌಜದಾರರು ಒಬ್ಬ ಜಮಾದಾರನನ್ನು ಕರೆದುಕೊಂಡು ತಾವೇ ಬಂದರು. ಮೋಟಾರಿನ ಸುತ್ತ ತಿರುಗಾಡಿದರು, ಬಗ್ಗಿ ನೋಡಿದರು, ಬೆತ್ತದಿಂದ ಮಡ್‌ಗಾರ್ಡು ಕುಟ್ಟಿದರು. ಓಣಿಯ ಇಬ್ಬರನ್ನು ಪಂಚರೆಂದು ನಿಲ್ಲಿಸಿ, ಯಾರೋ ಅಪರಿಚಿತರು ಕಲ್ಲಿನಿಂದ ಹೊಡೆದಿದ್ದಾರೆ ಎಂದು ಬರೆದರು. ನಕಲು ಇದರ ಜೊತೆಗಿದೆ.

ಒಂದೇ ಒಂದು ಕಡೆ ಅವರು ನಿಂತುಬಿಟ್ಟರು. "ಏನೋ, ಈ ದೀಪಕ್ಕ ಇರಿವಿ ಯಾಕ ಹತ್ಯಾವು?" ಎಂದು ಕೇಳಿದರು. ಖರೇ, ಸಾಲು ಸಾಲು ಇರುವೆ, ಒಡೆದ ಗಾಜಿನ ಒಳಗೂ ಹೊರಗೂ. "ಇರಿವಿ ಎಲ್ಲಿ ಬೇಕಾರ ಹತ್ತತಾವ್ರಿ" ಎಂದೆ. ಅವರು ಮತ್ತೆ ಕೇಳಲಿಲ್ಲ.

ಈಗ ನಿಮ್ಮ ಪ್ರಶ್ನೆ. ಸುಳ್ಳು ಬರೆಯಲು ಕೈ ಬರುವುದಿಲ್ಲ. ಒಡೆಯುವಾಗ ನಾನು ನೋಡಿಲ್ಲ. ಆದರೆ ಯಾರೆಂದು ನನಗೆ ಗೊತ್ತಿದೆ. ನಾನು ಹೋದಾಗ ಅವರು ಚಪ್ಪರದ ಕೆಳಗೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು, ಓಡಿ ಹೋಗಿರಲಿಲ್ಲ. ಹೆಸರು ಹೇಳಬೇಡ ಎಂದು ನನ್ನ ಕೈ ಹಿಡಿದು ಕೇಳಿಕೊಂಡರು, ನಾನು ಅಲ್ಲಾನ ಮೇಲೆ ಆಣೆ ಮಾಡಿದೆ. ಕೆಟ್ಟ ಮನಸ್ಸಿನಿಂದ ಆದದ್ದಲ್ಲ, ಇಷ್ಟು ನಂಬಿರಿ. ಆ ಹೆಸರು ಪೊಲೀಸರ ಕಾಗದಕ್ಕೆ ಏರಿದರೆ ನನ್ನ ಸುತ್ತಿಗೆಯಿಂದ ಸರಿಮಾಡಲಾಗದಂಥದ್ದು ಒಂದು ಮುರಿಯುತ್ತದೆ. ಒಂದು ಗಾಜಿಗಾಗಿ ಅದು ಬೇಡ ಸಾವಕಾರರೇ. ವಿಮೆಯನ್ನು ಬಿಟ್ಟುಬಿಡಿರಿ.

ಅಕ್ಕನ ಶಸ್ತ್ರಕ್ರಿಯೆ ಸಣ್ಣದೆಂದು ಬರೆದಿದ್ದೀರಿ. ಸಣ್ಣದಕ್ಕೆ ಮುಂಬಯಿತನಕ ಯಾಕೆ ಹೋಗಬೇಕಾಯಿತು ಎಂದು ರಾಜಬಿ ಕೇಳುತ್ತಾಳೆ. ನಾನು ಏನು ಹೇಳಲಿ?

ಹೆಬಸೂರಿನ ಮಾತು. ಅರಳೆ ಪೇಟೆಯಲ್ಲಿ ಯಾವ ಸುದ್ದಿ ನಿಂತೀತು? ನಾನು ಹೇಳಿಲ್ಲ. ಆದರೆ ನಿಮ್ಮ ಅಣ್ಣನವರಿಗೆ ಗೊತ್ತಾಗಿದೆ.

ಮಕಬೂಲಸಾಬ


ಮುಂಬಯಿ
೧೩ ಅಕ್ಟೋಬರ್ ೧೯೩೮

ಶ್ರೀ ಮಕಬೂಲಸಾಬ, ಮೋಟಾರು ದುರಸ್ತಿ ಮಾಡುವವರು, ಹುಬ್ಬಳ್ಳಿ, ಇವರಿಗೆ,

ನಿಮ್ಮ ಪತ್ರ ಮುಟ್ಟಿತು. ಒಂದೇ ಸಾಲಿಮಠದಲ್ಲಿ ಕೂತು ಒಂದೇ ಮರಳಿನಲ್ಲಿ ಅಕ್ಷರ ತಿದ್ದಿದ ಗೆಳೆಯ ಹೀಗೆ ಬರೆದಾನೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಾನೇನು ಕೂಸೇ? ಹೆಸರು ಗೊತ್ತಿದೆಯಂತೆ, ಹೇಳುವುದಿಲ್ಲವಂತೆ, ಕೆಟ್ಟ ಮನಸ್ಸಲ್ಲವಂತೆ, ವಿಮೆ ಬಿಡಬೇಕಂತೆ! ನಿಮ್ಮ ಹೆಂಡತಿ ರಾಜಬಿಯ ತಮ್ಮ ಶರೀಫಸಾಬ ಸ್ಟೇರಿಂಗು ಹಿಡಿಯಬೇಕೆಂದು ಎಷ್ಟು ದಿನದಿಂದ ಕುಣಿಯುತ್ತಿದ್ದಾನೆಂಬುದು ನನಗೆ ಗೊತ್ತಿಲ್ಲವೇ? ಹಬ್ಬದ ದಿನ, ಬೀಗದ ಕೈ ನಿಮ್ಮ ಹತ್ತಿರ, ಸಾವಕಾರ ಮುಂಬಯಿಯಲ್ಲಿ. ಗಾಡಿ ಹೊರಗೆ ತೆಗೆದು, ಎಲ್ಲಿಯೋ ಗುದ್ದಿಸಿ, ಮತ್ತೆ ತಂದು ಚಪ್ಪರದ ಕೆಳಗೆ ನಿಲ್ಲಿಸಿದ್ದಾನೆ. ಅವನನ್ನು ಮುಚ್ಚಿಡಲು ನೀವು ಆಣೆಯ ಕಥೆ ಕಟ್ಟಿದ್ದೀರಿ. ಕಲ್ಲಂತೆ, ಇರುವೆಯಂತೆ!

ಹಾಗೇ ಆಗಿದ್ದರೆ "ಸಿದ್ದಪ್ಪ, ಹುಡುಗ ತಪ್ಪು ಮಾಡಿದ" ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ನಕ್ಕು ಬಿಡುತ್ತಿದ್ದೆ. ನಾನು ಇಲ್ಲಿ ಯಾವ ಸ್ಥಿತಿಯಲ್ಲಿದ್ದೇನೆ ಎಂದು ನಿಮಗೇನು ಗೊತ್ತು? ಒಂದು ಕಡೆ ಕೂಡ್ರಲಾಗುವುದಿಲ್ಲ, ನಿಲ್ಲಲಾಗುವುದಿಲ್ಲ. ದವಾಖಾನೆಯ ಪಾವಟಿಗೆ ಹತ್ತುತ್ತೇನೆ, ಇಳಿಯುತ್ತೇನೆ, ಅಲ್ಲಿಂದ ವಿಮಾ ಕಚೇರಿಗೆ ಹೋಗುತ್ತೇನೆ. ಅಲ್ಲಿಯ ಗುಮಾಸ್ತ ನನ್ನ ಮುಖ ಕಂಡರೆ ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಾನೆ.

ಮರುಟಪಾಲಿಗೆ ಹೆಸರು ಬರಬೇಕು.

ಸಿದ್ದಪ್ಪ


ಮುಂಬಯಿ
೧೭ ಅಕ್ಟೋಬರ್ ೧೯೩೮

ಉತ್ತರ ಇಲ್ಲ.

ನಾನು ಫೌಜದಾರರಿಗೆ ನೇರವಾಗಿ ಬರೆದಿದ್ದೇನೆ. ಮೋಟಾರು ಯಾರ ತಾಬೆಯಲ್ಲಿತ್ತು, ನನ್ನ ಸಂಶಯ ಯಾರ ಮೇಲೆ ಇದೆ, ಎರಡನ್ನೂ ಬರೆದಿದ್ದೇನೆ. ಇನ್ನು ನಿಮ್ಮ ಆಣೆ ಉಂಟು, ಅವರ ಕಾಯಿದೆ ಉಂಟು.

ಸಿದ್ದಪ್ಪ


ಹುಬ್ಬಳ್ಳಿ
೨೦ ಅಕ್ಟೋಬರ್ ೧೯೩೮

ಸಿದ್ದಪ್ಪ,

ಇವತ್ತು ಸಾವಕಾರರೇ ಎಂದು ಬರೆಯಲು ಮನಸ್ಸಿಲ್ಲ. ಸಾಲಿಮಠದ ಮರಳಿನ ನೆನಪು ತೆಗೆದವನು ನೀನೇ, ಆದ್ದರಿಂದ ಅಲ್ಲಿಯ ಸಿದ್ದಪ್ಪನಿಗೇ ಬರೆಯುತ್ತೇನೆ. ಕೇಳು.

ನಿನ್ನೆ ಬೆಳಿಗ್ಗೆ ಜಮಾದಾರ ಅಂಗಡಿಗೆ ಬಂದು ನನ್ನನ್ನೂ ಶರೀಫಸಾಬನನ್ನೂ ಕರೆದೊಯ್ದ. ಗಿರಾಕಿಗಳ ಮುಂದೆ, ಪೇಟೆಯ ನಡುವೆ, ಇಬ್ಬರನ್ನೂ ಮುಂದೆ ಬಿಟ್ಟು ತಾನು ಹಿಂದೆ ನಡೆದ. ನನ್ನ ಬದುಕಿನಲ್ಲಿ ನಾನು ಠಾಣೆಯ ಕಟ್ಟೆ ಹತ್ತಿದ್ದು ಎರಡು ಸಲ, ಎರಡೂ ಸಲ ನಿನ್ನ ಗಾಜಿನ ಸಲುವಾಗಿ.

ಫೌಜದಾರರು ಕೆಟ್ಟ ಮಾತಾಡಲಿಲ್ಲ. "ಮಾಲಕರಽ ಬರದಾರ, ನಾ ಕೇಳಬೇಕಾಗತೈತಿ" ಅಂದರು. ಕೇಳಿದರು. ನಾನು ಹೇಳಲಿಲ್ಲ. ಕೂಡ್ರಿಸಿದರು. ಮಧ್ಯಾಹ್ನದ ನಮಾಜು ಅಲ್ಲಿಯೇ ಗೋಡೆಯ ಮಗ್ಗುಲಲ್ಲಿ ಮಾಡಿದೆ. ಶರೀಫನ ಮುಖ ಒಣಗಿ ಹೋಗಿತ್ತು. "ಭಾಯಿ, ನಾ ಒಪ್ಪಿಕೊಂಡಬಿಡ್ಲೇನು? ಮುಗದ ಹೋಗಲಿ" ಎಂದು ಪಿಸುಗುಟ್ಟಿದ. ಮಾಡದ ತಪ್ಪನ್ನು ಒಪ್ಪಿಕೊಳ್ಳುವ ಮಟ್ಟಕ್ಕೆ ಅವನನ್ನು ತಂದವನು ನೀನು.

ಅಷ್ಟರಲ್ಲಿ ಬಾಗಿಲಲ್ಲಿ ರುಮಾಲು ಕಂಡಿತು. ನಿನ್ನ ಅಣ್ಣ ನೀಲಕಂಠಪ್ಪ.

ಹಬ್ಬದಿಂದೀಚೆಗೆ ಅವರು ಪೇಟೆಗೆ ಬಂದಾಗಲೆಲ್ಲ ನನ್ನ ಅಂಗಡಿಗೆ ಬರುತ್ತಾರೆ. ಬಂದು ಹೊರಗಿನ ಕಲ್ಲಿನ ಮೇಲೆ ಕೂತು "ಬಾಳವ್ವ ಹೆಂಗದಾಳಂತ?" ಎಂದು ಒಂದೇ ಮಾತು ಕೇಳುತ್ತಾರೆ, ಕೇಳಿ ಎದ್ದು ಹೋಗುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ. ನಿನ್ನೆ ಬಂದಾಗ ರಾಜಬಿ ಅಳುತ್ತ ನಡೆದದ್ದನ್ನು ಹೇಳಿದ್ದಾಳೆ. ಅವರು ಅಲ್ಲಿಂದ ನೆಟ್ಟಗೆ ಠಾಣೆಗೆ ಬಂದರು.

"ಸಾಹೇಬರ, ಆ ದೀಪ ಒಡದಾಂವ ನಾನು. ಇವರಿಬ್ಬರನ್ನ ಬಿಡ್ರಿ."

ಫೌಜದಾರರು ತಲೆ ಎತ್ತಿದರು. "ಯಾಕ ಒಡದ್ರಿ? ಏನರ ಹಗಿ ಇತ್ತೇನು?"

"ಪೂಜಿ ಮಾಡಾಕತ್ತಿದ್ನಿರಿ."

"ನಾ ಕಲ್ಲೀಲೆ ಹೊಡದಾರಂತ ಬರದೇನಲ್ಲೋ ಮಾರಾಯಾ!"

"ಕಲ್ಲಲ್ರಿ. ಕಾಯಿ."

ಜಮಾದಾರ ಹಿಂದೆ ನಿಂತು ಕಿಸಕ್ಕೆಂದು ನಕ್ಕ. ನಿನ್ನ ಅಣ್ಣ ನಗಲಿಲ್ಲ. ಅಂದು ನಡೆದದ್ದನ್ನು ನಿಂತುಕೊಂಡೇ ಹೇಳಿದರು.

ಬಾಳವ್ವ ಮುಂಬಯಿ ದವಾಖಾನೆ ಸೇರಿದ್ದಾಳೆಂದು ಅವರಿಗೆ ಗೊತ್ತಾದದ್ದು ಮಹಾನವಮಿಯ ಖಂಡೆ ಪೂಜೆಯ ಹಿಂದಿನ ದಿನ. ಮರುದಿನ ಮನೆಯ ಕುಂಟೆ, ಕೂರಿಗೆ, ಗಾಡಿಗೆಲ್ಲ ಪೂಜೆ ಮಾಡುವಾಗ ಅವರಿಗೆ ಒಂದೇ ಯೋಚನೆ. ತಮ್ಮನ ಗಾಡಿ ಬೀಗ ಹಾಕಿದ ಮನೆಯ ಮುಂದೆ ನಿಂತಿದೆ, ಅದಕ್ಕೆ ಒಂದು ಹೂವಿಲ್ಲ, ವಿಭೂತಿಯಿಲ್ಲ, ನಾಳೆ ಆಕೆ ದವಾಖಾನೆಯಿಂದ ಬಂದು ಅದರಲ್ಲೇ ಕೂಡ್ರಬೇಕು. ಯಾರಿಗೂ ಹೇಳದೆ ಚೆಂಡು ಹೂವು, ಕಾಯಿ ಕಟ್ಟಿಕೊಂಡು ಕೇಶ್ವಾಪುರಕ್ಕೆ ಬಂದಿದ್ದಾರೆ. ಮೋಟಾರಿನ ಧೂಳು ತಮ್ಮ ಧೋತರದ ಅಂಚಿನಿಂದ ಒರೆಸಿದ್ದಾರೆ. ಹೂವೇರಿಸಿ, ವಿಭೂತಿ ಹಚ್ಚಿದ್ದಾರೆ.

ಆಮೇಲೆ ಕಾಯಿ. ಎತ್ತಿನ ಗಾಡಿಯಾದರೆ ಗಾಲಿಯ ಕಬ್ಬಿಣದ ಪಟ್ಟಿಗೆ ಹೊಡೆದು ಒಡೆಯುತ್ತಾರೆ. ಅದೇ ರೂಢಿಯಿಂದ ಮೋಟಾರಿನ ಗಾಲಿಗೆ ಹೊಡೆದಿದ್ದಾರೆ. ರಬ್ಬರು! ಕಾಯಿ ಚೆಂಡಿನಂತೆ ಪುಟಿದು ಮಡ್‌ಗಾರ್ಡಿಗೆ ಬಡಿದಿದೆ. ಮತ್ತೆ ಹೊಡೆದಿದ್ದಾರೆ, ಮತ್ತೆ ಪುಟಿದಿದೆ. ಕಾಯಿ ಒಡೆಯದೆ ಹಾಗೇ ಹಿಂದಕ್ಕೆ ಒಯ್ಯುವುದು ಹೇಗೆ? ಎಲ್ಲಿ ಗಟ್ಟಿ ಕಬ್ಬಿಣ ಇದೆಯೆಂದು ಹುಡುಕಿದಾಗ ಹೊಳೆಯುವ ಬಳೆ ಕಂಡಿದೆ. ಬಲವಾಗಿಯೇ ಹೊಡೆದಿದ್ದಾರೆ. ಕಾಯಿಯೂ ಒಡೆಯಿತು, ಗಾಜೂ ಒಡೆಯಿತು. ಆ ಕಾಯಿಯ ನೀರಿಗೇ ಇರುವೆ ಹತ್ತಿದ್ದು.

ನಾನು ಹೋದಾಗ ಅವರು ಹೋಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ಮಕಬೂಲಾ, ಚಲೋ ಆಗಲಿ ಅಂತ ಬಂದ ದೀಪ ಒಡದಬಿಟ್ನೆಲ್ಲೋ. ಇದು ಬಾಳವ್ವನ ಕಿವಿಗಿ ಬಿದ್ರ ಅಪಶಕುನ ಅಂತ ಆಕಿ ಧೈರ್ಯನಽ ಹೊಕ್ಕೈತಿ. ಹೇಳಬ್ಯಾಡೋ" ಎಂದು ನನ್ನ ಕೈ ಹಿಡಿದರು. ನಾನು ಹೂವು ತೆಗೆದೆ, ವಿಭೂತಿ ಒರೆಸಿದೆ, ಆಣೆ ಮಾಡಿದೆ. ಈಗ ಅವರೇ ಎಲ್ಲರ ಮುಂದೆ ಹೇಳಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ಫೌಜದಾರರು ಕೇಳಿದರು, "ಮೋಟಾರಿನ ಮಾಲಕ ನಿಮಗ ಏನಾಗಬೇಕು?"

"ತಮ್ಮ. ಹಂಗಽ ಬರ್ಕೊಳ್ರಿ. ನೀಲಕಂಠಪ್ಪ, ಸಿದ್ದಪ್ಪನ ಅಣ್ಣ. ಎಲ್ಲಿ ಹೆಬ್ಬಟ್ಟ ಒತ್ಲಿ?"

ಒತ್ತಿದರು. ಹೊರಗೆ ಬಂದು ರುಮಾಲು ಸರಿಮಾಡಿಕೊಂಡು ಊರ ದಾರಿ ಹಿಡಿದರು.

ಫೌಜದಾರರು ಕಾಗದವನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದಾರೆ. ಮಾಲಕ ಹೇಳಿದರೆ ಖಟ್ಲೆ ಹೂಡುತ್ತೇನೆ, ಬೇಡವೆಂದರೆ ಹರಿದು ಹಾಕುತ್ತೇನೆ ಎಂದಿದ್ದಾರೆ. ನೀನು ಕೇಳಿದ ಹೆಸರು ಬಂದಿದೆ. ಏನು ಮಾಡುತ್ತೀಯೋ ಮಾಡು.

ಮಕಬೂಲ


ಮುಂಬಯಿ
೨೩ ಅಕ್ಟೋಬರ್ ೧೯೩೮

ಮಕಬೂಲಾ,

ಫೌಜದಾರರಿಗೆ ತಾರು ಕೊಟ್ಟಿದ್ದೇನೆ. ನನ್ನ ಫಿರ್ಯಾದಿ ಏನೂ ಇಲ್ಲ, ಹರಿದು ಹಾಕಿರಿ ಎಂದು.

ವಿಮಾ ಕಚೇರಿಗೂ ಹೋಗಿ ಅರ್ಜಿ ಹಿಂದಕ್ಕೆ ತೆಗೆದುಕೊಂಡೆ. ಗುಮಾಸ್ತ ಕಾರಣ ಕೇಳಿದ. ನನ್ನ ಅಣ್ಣ ಮೋಟಾರಿಗೆ ಪೂಜೆ ಮಾಡಿದ ಎಂದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿ, ಪಾಪ, ಒಂದು ಲೋಟ ನೀರು ತರಿಸಿಕೊಟ್ಟ.

ನಿನಗೆ ಯಾವ ಮುಖ ಹೊತ್ತು ಬರೆಯಲಿ? ಶರೀಫಸಾಬನ ಕೈ ಹಿಡಿದು ನಾನೇ ತಪ್ಪಾಯಿತು ಎನ್ನುತ್ತೇನೆ, ಪೇಟೆಯ ನಡುವೆ ನಿಮ್ಮಿಬ್ಬರನ್ನು ನಡೆಸಿದಲ್ಲೇ ನಿಂತು ಎನ್ನುತ್ತೇನೆ. ಅಲ್ಲಿಯವರೆಗೆ ರಾಜಬಿ ನನ್ನನ್ನು ಎಷ್ಟು ಬೈದರೂ ಸರಿ.

ಈಗ ನಾನು ಮುಚ್ಚಿಟ್ಟದ್ದನ್ನು ಬರೆಯುತ್ತೇನೆ. ಶಸ್ತ್ರಕ್ರಿಯೆ ಸಣ್ಣದಲ್ಲ. ಹೊಟ್ಟೆಯಲ್ಲಿ ಗಡ್ಡೆ ಇದೆ. ತೆಗೆಯುವುದು ಮೂವತ್ತೊಂದರ ಸೋಮವಾರ. ಡಾಕ್ಟರು ಭರವಸೆ ಕೊಡುವುದಿಲ್ಲ, ಕೊಡದೆಯೂ ಇರುವುದಿಲ್ಲ, ಹೆಗಲು ತಟ್ಟಿ ಮುಂದೆ ಹೋಗುತ್ತಾರೆ. ಅವರ ಜೊತೆ ಜಗಳ ಆಡಲಾದೀತೇ? ಆ ಗಡ್ಡೆಯ ಮೇಲೆ ಫಿರ್ಯಾದಿ ಕೊಡಲಾದೀತೇ? ಅದಕ್ಕೇ ಒಂದು ಗಾಜು ಸಿಕ್ಕಿತೆಂದು ಅದನ್ನು ಹಿಡಿದುಕೊಂಡು ಮುಂಬಯಿ ತುಂಬ ಓಡಾಡಿದೆ. ನನಗೆ ಭಯವಾಗಿದೆ ಮಕಬೂಲಾ. ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ.

ಬಾಳವ್ವನಿಗೆ ಎಲ್ಲ ಹೇಳಿಬಿಟ್ಟೆ. ಬೇಡವೆಂದು ಅಣ್ಣ ಹೇಳಿದ್ದಾನೆ, ಗೊತ್ತು, ಆದರೆ ನಿನ್ನ ಪತ್ರ ಓದಿ ನಾನು ಅಳುತ್ತಿದ್ದಾಗ ಅವಳು ನೋಡಿದಳು. ಕಾಯಿ ಪುಟಿದದ್ದನ್ನು ಕೇಳಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ನೋವಿನಲ್ಲೂ ನಕ್ಕಳು. "ಅಯ್ ಶಿವನ, ಭಾವಾರು ಮೋಟಾರಕ್ಕ ಕಾಯಿ ಒಡದ್ರ?" ಎಂದಳು. ಅಪಶಕುನವೆಂದು ನಿನಗೆ ಅನಿಸುವುದಿಲ್ಲವೇ ಎಂದು ಕೇಳಿದೆ. "ನಾಕ ವರ್ಷ ಆದಮ್ಯಾಲೆ ಭಾವಾರು ನಮ್ಮನಿಗಿ ಬಂದಾರ. ಅದಕ್ಕಿಂತ ಚಲೋ ಶಕುನ ಯಾವದ್ರಿ? ಅವರನ್ನ ಠಾಣೇಕ ನಿಲ್ಲಿಸಿದ್ರೆಲ್ಲ, ನಿಮಗ ನಾಚಕಿ ಆಗಲಿಲ್ಲೇನು?" ಎಂದು ಗೋಡೆಯ ಕಡೆ ಹೊರಳಿದಳು.

ಅಣ್ಣನಿಗೆ ಪತ್ರ ಬರೆಯಲು ಕೂತೆ, ಬರೆದೆ, ಹರಿದೆ. ಅವನಿಗೆ ಓದಲು ಬರುವುದಿಲ್ಲ. ಇನ್ನೊಬ್ಬರ ಬಾಯಿಂದ ಓದಿಸಿಕೊಳ್ಳುವುದಾದರೆ ಅದು ನಿನ್ನ ಬಾಯಿಯೇ ಆಗಲಿ. ಹೆಬಸೂರಿಗೆ ಹೋಗು. ಸಿದ್ದಪ್ಪ ತಪ್ಪು ಮಾಡಿದೆನೆಂದು ಹೇಳುತ್ತಾನೆ ಎನ್ನು. ಅವನು ಏನಂದರೂ, ಒಂದಕ್ಷರ ಬಿಡದೆ ನನಗೆ ಬರೆ. ಬೈದರೂ ಬರೆ.

ನಿನ್ನ
ಸಿದ್ದಪ್ಪ


ಹುಬ್ಬಳ್ಳಿ
೨೬ ಅಕ್ಟೋಬರ್ ೧೯೩೮

ಸಿದ್ದಪ್ಪಾ,

ಹೋಗಿ ಬಂದೆ. ಕೈಕಾಲು ತೊಳೆಯದೆ ಬರೆಯುತ್ತಿದ್ದೇನೆ, ಇವತ್ತಿನ ಟಪಾಲು ತಪ್ಪಬಾರದು.

ನಿನ್ನ ಅಣ್ಣ ಹಕ್ಕೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದರು. ನೀನು ಹೇಳಿಕಳಿಸಿದ್ದನ್ನು ಹೇಳಿದೆ. ಅವರು ಮೇವು ಹಾಕುವುದನ್ನು ನಿಲ್ಲಿಸಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ.

"ಕೇಳಿಸ್ತಲೇ. ತಪ್ಪಿನ ಮಾತ ಆಮ್ಯಾಲ. ಕೊಯ್ಯೂದು ಯಾವತ್ತಂತ?"

ಸೋಮವಾರ ಎಂದೆ. ಡಾಕ್ಟರು ಹೇಳುವುದನ್ನೂ, ಹೇಳದೆ ಬಿಡುವುದನ್ನೂ ತಿಳಿಸಿದೆ. ಬಾಳವ್ವಕ್ಕ ನಕ್ಕದ್ದನ್ನು ಹೇಳಿದಾಗ ಅವರು ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟು ಆ ಕಡೆ ಮುಖ ಮಾಡಿ ನಿಂತರು.

ಆಮೇಲೆ ಕೇಳಿದರು, "ಅಲ್ಲಿ ಅಂವ ಒಬ್ಬನಽ ಅದಾನೇನು?"

"ಒಬ್ಬರಽ ಅದಾರ್ರಿ" ಎಂದೆ.

"ಏನ ಉಣ್ಣತಾನೊ, ಏನೊ" ಎಂದರು. ಒಳಗೆ ಹೋಗಿ ಮನೆಯವರಿಗೆ ರೊಟ್ಟಿ ಬಡಿಯಲು ಹೇಳಿದರು. ರಂಜಾನ್ ರೋಜಾ ಹಿಡಿದವನಿಗೆ ಊಟವೇಕೆ ಎಂದುಕೊಂಡೆ. ನನಗಲ್ಲ, ಮುಂಬಯಿಗೆ!

ಎತ್ತುಗಳನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಬೇಕು, ಆದ್ದರಿಂದ ಶುಕ್ರವಾರ ಹೊರಡುತ್ತಾರೆ. ಗದಗಿನಾಚೆ ರೈಲಿನಲ್ಲಿ ಹೋದವರಲ್ಲ. ಪುಣೆಯಲ್ಲಿ ಗಾಡಿ ಬದಲಿಸಬೇಕೆಂದು ತಿಳಿಸಿ ಹೇಳಿದೆ. "ಬಾಯಿ ಐತೆಲ್ಲೊ, ಕೇಳಕೊಂತ ಹೊಕ್ಕೇನಿ" ಅಂದರು. ಹುಬ್ಬಳ್ಳಿ ಸ್ಟೇಷನ್ನಿಗೆ ಎತ್ತಿನ ಗಾಡಿಯಲ್ಲಿ ಬಂದರೆ ರೈಲು ಸಿಗುವುದು ಕಷ್ಟ ಎಂದು ಅಂಜುತ್ತಲೇ ಹೇಳಿದೆ. ನನ್ನ ಮುಖ ನೋಡಿದರು. "ಹಂಗಾರ ಆ ಡಬ್ಬಿ ತಗೊಂಬಾ. ಹಗಲೊತ್ತಿನ್ಯಾಗ ಬಾ ಮತ್ತ, ಅದಕ್ಕ ಒಂದಽ ಕಣ್ಣೈತಿ" ಅಂದರು. ಶರೀಫನೂ ಬರುತ್ತಾನೆ. ಎರೆಯಲ್ಲಿ ಹೂತರೆ ಇಬ್ಬರೂ ನೂಕುತ್ತೇವೆ.

ತಪ್ಪಿನ ಮಾತಿಗೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ನೀವಿಬ್ಬರೂ ಮಾತಾಡಿಕೊಳ್ಳಿರಿ, ನಡುವೆ ನಾನು ಬೇಡ. ರಾಜಬಿ ಸೋಮವಾರದ ರೋಜಾದಲ್ಲಿ ದುವಾ ಬೇಡುತ್ತಾಳಂತೆ, ಅಕ್ಕನಿಗೆ ತಿಳಿಸು.

ಶನಿವಾರ ಸಂಜೆಯ ಗಾಡಿಗೆ ಬೋರಿಬಂದರ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಅಷ್ಟು ಮಂದಿಯಲ್ಲಿ ಅವರು ನಿನ್ನನ್ನು ಹುಡುಕುತ್ತ ನಿಲ್ಲಬಾರದು. ಗಾಡಿ ಬರುವ ಮೊದಲೇ ಹೋಗಿ ನಿಲ್ಲು ಸಿದ್ದಪ್ಪಾ, ತಡ ಮಾಡಬೇಡ.

ಮಕಬೂಲ